ವಿಶೇಷವೇನಿಲ್ಲ

ಮಫ್ತಿಯಲ್ಲಿ ಹನ್ನೊಂದು ವರ್ಷ
ಒಬ್ಬನ ಬೆನ್ನು ನೋಡಿದವನು ನಾನು.
ಹೆಂಡತಿಯ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು:
ದೂಮಪ್ಪ ಬಂಗೇರನ ಎಡ ಹೆಗಲು
ಬಲದ್ದಕ್ಕಿಂತ ಒಂದು ಬೆರಳು ಕೆಳಗೆ.

ಬೋಳಾರದ ಹಂಚಿನ ಕಾರ್ಖಾನೆ ಐದಕ್ಕೆ ಕೂಗಿದರೆ
ಐದೂಕಾಲಿಗೆ ಅವನು ಹೊಯ್ಗೆಬಜಾರಿನ ತಿರುವಿನಲ್ಲಿ,
ಐದೂಇಪ್ಪತ್ತಕ್ಕೆ ನಾನು.
ಜಗಲಿಯಲ್ಲಿ ಹೆಂಗಸರು
ಸೂಪು ಮಡಿಲಲ್ಲಿಟ್ಟು ಬೀಡಿ ಸುತ್ತುತ್ತಿದ್ದರೆ
ಇವನು ದೂರದೇಶದ ಪತ್ರಿಕೆ ಬಿಡಿಸಿ ಓದುವನು:
ಅಲ್ಲಿ ಹಿಮ, ಅಲ್ಲಿ ಟ್ರ್ಯಾಕ್ಟರು,
ಅಲ್ಲಿ ದುಡಿಯುವವನದೇ ಸರಕಾರ.
ಗಿರಿಜಕ್ಕ ಕತ್ತರಿ ನಿಲ್ಲಿಸದೆ ಕೇಳಿದಳು:
"ಅಲ್ಲಿ ಸಾವಿರ ಬೀಡಿಗೆ ಎಷ್ಟು ಕೊಡ್ತಾರೆ?"
ದೂಮಪ್ಪನಿಗೆ ಉತ್ತರ ಹೊಳೆಯಲಿಲ್ಲ.
ನಾನು ಬರೆದುಕೊಂಡೆ:
"ವಿದೇಶಿ ವಿಚಾರದ ಪ್ರಚಾರ. ಹಾಜರಿ ಹದಿನಾಲ್ಕು.
ಅದರಲ್ಲಿ ಮಕ್ಕಳು ಮೂರು. ನಿದ್ದೆ ಹೋದವರು ಒಬ್ಬರು."

ಮೇಲಿನವರು ಕೇಳುತ್ತಿದ್ದುದು ಮೂರೇ:
ಹಣ ಎಲ್ಲಿಂದ, ಕಾಗದ ಯಾರಿಂದ, ಅಪ್ಪಣೆ ಯಾರದು.
ಹಣ, ತಲೆಗೆ ನಾಲ್ಕಾಣೆ, ಬಿಸ್ಕತ್ತಿನ ಡಬ್ಬಿಯಲ್ಲಿ.
ಕಾಗದವನ್ನು ಅಂಚೆಯ ಲಿಗೋರಿ
ಅವನಿಗಿಂತ ಮೊದಲು ನನಗೇ ತೋರಿಸುತ್ತಿದ್ದ.
ಅಪ್ಪಣೆ ಕೊನೆಗೂ ತಿಳಿಯಲಿಲ್ಲ.
ಅದೇ ಪತ್ರಿಕೆಯ ನುಣುಪು ಹಾಳೆಯಲ್ಲಿ
ಮಗಳ ಲೆಕ್ಕದ ಪುಸ್ತಕಕ್ಕೆ ಬೈಂಡು ಹಾಕಿದ್ದೆ.
ಗಗನಯಾತ್ರಿಯೊಬ್ಬಳು ವರ್ಷವಿಡೀ
ಅವಳ ಮಗ್ಗಿಯ ಮೇಲೆ ನಗುತ್ತಿದ್ದಳು.
ಅದನ್ನು ವರದಿಗೆ ಸೇರಿಸಲಿಲ್ಲ.

ಎಪ್ಪತ್ತೆಂಟರ ಆಟಿ.
ಪಣಂಬೂರಿಗೆ ಒಡೆಸ್ಸಾದ ಹಡಗು ಬಂತು.
ಮರುದಿನ ಧಕ್ಕೆಯ ಮೆಟ್ಟಿಲಲ್ಲಿ
ಕೆಂಚು ಮೀಸೆಯ ನಾವಿಕನೊಬ್ಬ
ದೂಮಪ್ಪನ ಕೈಗೊಂದು ಪೊಟ್ಟಣ ಇಟ್ಟು
ಎದೆ ಮುಟ್ಟಿಕೊಂಡು ಹೋದ.
ಅಷ್ಟು ವರ್ಷ ಕಾದದ್ದು ಇದಕ್ಕೇ.
ಕೊಡೆ ಮಡಚಿ, ಉಸಿರು ಮಡಚಿ, ಹಿಂಬಾಲಿಸಿದೆ.
ಬಂಗುಡೆಯ ನೀರು ಹರಿವ ಕಲ್ಲಿನ ಮೇಲೆ
ಅವನ ಚಪ್ಪಲಿಯ ಬಾರು ಕಿತ್ತಿತು.
ತಿರುಗಿದ. ನೆಟ್ಟಗೆ ನನ್ನನ್ನೇ ನೋಡಿ
"ಶೇರಿಗಾರ್ರೇ, ಒಂಚೂರು ಹಿಡೀರಿ" ಎಂದ.

ಹಿಡಿದೆ.
ಎರಡು ಸೇರು ಅಕ್ಕಿಯ ತೂಕ. ಸಣಬಿನ ದಾರ.
ಒಂದು ಮೂಲೆಯಲ್ಲಿ ಏನೋ ಗಟ್ಟಿ.
ಪುಸ್ತಕವಿರಬಹುದು, ಔಷಧಿ ಇರಬಹುದು, ನೋಟು,
ಅಥವಾ ನಾನು ಹೆಸರಿಸಲು ಹೆದರಿದ್ದು.
ಅವನು ಬಾರಿಗೆ ಪಿನ್ನು ಸಿಕ್ಕಿಸುವಷ್ಟು ಹೊತ್ತು
ದೇಶದ ಭದ್ರತೆ ನನ್ನೆರಡು ಅಂಗೈ ಮೇಲಿತ್ತು,
ಕೆಳಗೆ ಅಳಿವೆಯ ಕಡೆ ಹೊರಟ ನೀರು.
"ಉಪಕಾರ ಆಯ್ತು" ಎಂದು ತೆಗೆದುಕೊಂಡ.
ಆ ರಾತ್ರಿ ಠಾಣೆಯ ಬಲ್ಬಿನ ಕೆಳಗೆ ಬರೆದೆ:
"ವಿಶೇಷವೇನಿಲ್ಲ."

ನಿನ್ನೆ ಒಬ್ಬ ಹುಡುಗ ಎಸ್ಸೈ ಮನೆಗೆ ಬಂದಿದ್ದ.
ಹೆಗಲಲ್ಲಿ ಕರೀ ಬ್ಯಾಗು, ಬ್ಯಾಗಲ್ಲಿ ಹೊಸ ಪಟ್ಟಿ,
ಬೇರೆ ದೇಶ, ಬೇರೆ ಘೋಷಣೆ, ಬೇರೆ ಬ್ಯಾಂಕು.
"ನಿಮ್ಮ ಕಾಲದಲ್ಲಿ ಹೇಗೆ ಗೊತ್ತಾಗ್ತಿತ್ತು ಸರ್,
ಒಳಗೆ ಏನಿದೆ ಅಂತ?"
ಹೇಳಬಹುದಿತ್ತು:
ಆ ಮಳೆಗಾಲ ಗಿರಿಜಕ್ಕನ ಕೆಮ್ಮು ನಿಂತಿತು.
ಹೇಳಬಹುದಿತ್ತು:
ಮರುವರ್ಷ ಕಾರ್ಖಾನೆಯ ಗೇಟಿನಲ್ಲಿ ಏನೋ ಸಿಡಿದು
ಕಾವಲಿನ ಕೊರಗಪ್ಪನ ಬಲಗೈ ಹೋಯಿತು.
ಪೊಟ್ಟಣಕ್ಕೆ ಸೇರಿದ್ದು ಯಾವುದು?
ಎರಡೂ ಅಲ್ಲದಿರಬಹುದು.
ದೂಮಪ್ಪ ಸತ್ತು ಇಪ್ಪತ್ತು ವರ್ಷ,
ಕೇಳಲು ಬೆನ್ನೂ ಇಲ್ಲ.

"ಇನ್ನೊಂದು ಲೋಟ ಚಾ?" ಎಂದೆ.
ಬೇಡವೆಂದು ಹುಡುಗ ಎದ್ದ.
ಮೆಟ್ಟಿಲಲ್ಲಿ ಬೂಟಿನ ಲೇಸು ಬಿಚ್ಚಿಹೋಗಿತ್ತು.
ನಾನು ಕೈ ಚಾಚಿದೆ.
ಅವನು ಬ್ಯಾಗು ಕೊಡಲಿಲ್ಲ,
ಮಂಡಿಗಳ ನಡುವೆ ಇರುಕಿಕೊಂಡೇ
ಬಗ್ಗಿ ಕಟ್ಟಿಕೊಂಡ.

ಒಳ್ಳೆಯ ತರಬೇತಿ.