ಕಾಲಂ ನಾಲ್ಕು: ಸ್ಥಳದ ಹೆಸರು

ನಕ್ಷೆ ಕಚೇರಿಯವರು ಕೊಟ್ಟದ್ದು
ಒಂದು ಜೀಪು, ಒಬ್ಬ ಚಾಲಕ, ನೂರು ನಮೂನೆ ಹಾಳೆ.
ಹೆಸರು ಕೇಳು, ಅರ್ಥ ಕೇಳು, ಸಹಿ ಹಾಕಿಸು, ಬಾ.
ಮಂಗೋಲಿಯದ ಪಡುವಣ ತುದಿ, ಜೂನ್ ತಿಂಗಳು;
ಹುಲ್ಲು ಇನ್ನೂ ಮೂರು ಬೆರಳು.

ಮೊದಲು ಸಿಕ್ಕದ್ದು 'ಸುಳ್ಳಿ' ಎಂಬ ಹೊಳೆ.
ಹಿಮ ಕರಗಿದಾಗ ಹರಿಯುತ್ತದೆ,
ಮಂದೆ ಹೊಡೆದುಕೊಂಡು ಬರುವಷ್ಟರಲ್ಲಿ ಬರೀ ಕಲ್ಲು.
ಆಮೇಲೆ 'ಇನ್ನೇನು ಬಂತು' ಎಂಬ ಕಣಿವೆದಾರಿ.
ಹತ್ತಿದೆವು, ಹತ್ತಿದೆವು, ಬರಲಿಲ್ಲ.
'ಕಡಾಯಿ ಮರೆತದ್ದು' ಎಂಬಲ್ಲಿ ಜಗಳ:
ಚಾಲಕ ಚೋಯ್‌ಜಿಲ್‌ನ ಪ್ರಕಾರ ಮರೆತವಳು ಅವನ ಮುತ್ತಜ್ಜಿ,
ಬಿಡಾರ ಕೀಳುವ ಗಡಿಬಿಡಿಯಲ್ಲಿ ಒಂಟೆಗೆ ಹೇರದೆ;
ಎದುರು ಡೇರೆಯವನ ಪ್ರಕಾರ ಅದು ಕದ್ದ ಕಡಾಯಿ,
ಮರೆತದ್ದಲ್ಲ, ಸಿಕ್ಕಿಬೀಳುವಾಗ ಬಿಸಾಡಿದ್ದು.
ಎರಡನ್ನೂ ಬರೆದುಕೊಂಡೆ. ಕಾಲಂ ಸಣ್ಣದು,
ಕಡಾಯಿ ದೊಡ್ಡದು.

'ಕುದುರೆ ತಿರುಗಿ ನೋಡಿದ್ದು' ಎಂಬ ದಿಬ್ಬಕ್ಕೆ
ಯಾರೂ ಅರ್ಥ ಹೇಳಲಿಲ್ಲ.
ನೋಡಿತು, ಅಷ್ಟೇ, ಎಂದರು.
ಯಾರನ್ನು ಎಂದದ್ದಕ್ಕೆ
ಉಪ್ಪು ಚಹಾ ಬಗ್ಗಿಸಿದರು.

ಬೆಟ್ಟದ ಬುಡಕ್ಕೆ ಬಂದಾಗ ಸಂಜೆ.
ನೆತ್ತಿಯಲ್ಲಿ ಬೇಸಿಗೆಗೂ ಬಿಡದ ಬಿಳಿ.
ಮುದುಕಿಯೊಬ್ಬಳು ಯಾಕ್ ಕರೆಯುತ್ತಿದ್ದಳು.
ಇದನ್ನೇನೆಂದು ಕರೆಯುತ್ತೀರಿ, ಅಜ್ಜಿ?
ಹಾಲಿನ ಸದ್ದು ನಿಂತಿತು.
'ದಯಾಳು' ಎಂದಳು, ಬೆರಳು ತೋರದೆ,
ಐದೂ ಬೆರಳು ಕೂಡಿಸಿ, ಅಂಗೈ ಮೇಲೆ ಮಾಡಿ.
ದಯಾಳುಗಳು ಈ ಜಿಲ್ಲೆಯಲ್ಲಿ ಆಗಲೇ ಹದಿನೇಳು ಇವೆ,
ಇದರ ನಿಜವಾದ ಹೆಸರು?
ನನ್ನ ಪ್ರಶ್ನೆ ಬೆಟ್ಟದ ಕಿವಿಗೆ ಬೀಳದಂತೆ
ಜೋರಾಗಿ ಕೆಮ್ಮಿದಳು.
"ಹಿರಿಯರ ಎದುರು ಕೂತು
ಅವರನ್ನೇ ಹೆಸರು ಹಿಡಿದು ಕೂಗುತ್ತೀಯೇನೋ?
ಗಾಳಿ, ಮಂಜು ಎಲ್ಲ ಅದರ ಕೈಲಿದೆ.
ಸಹಿ ಎಲ್ಲಿ, ತೋರಿಸು."

ಹಾಕಿದಳು, ಅಕ್ಷರಕ್ಕೆ ಅಕ್ಷರ ಕೂಡಿಸಿ: ನೆರ್ಗುಯ್.
ಎಂದರೆ, ಹೆಸರಿಲ್ಲ.
ಮುಂಚೆ ಹುಟ್ಟಿದ ಮೂವರು ಮೊಲೆ ಬಿಡುವ ಮೊದಲೇ ಹೋದರಂತೆ;
ಇವಳು ಹುಟ್ಟಿದಾಗ ತಾಯಿ ಹೀಗೆ ಅಗುಳಿ ಹಾಕಿದಳು.
ಸಾವು ಬಂದು ಹೊಸ್ತಿಲಲ್ಲಿ ನಿಂತರೆ
ಕರೆಯಲು ಹೆಸರಿರಬಾರದು.
ಬಂದಿತ್ತಂತೆ. ಕೇಳಿತ್ತಂತೆ. ಹೋಯಿತಂತೆ.
ಎಪ್ಪತ್ತೊಂಬತ್ತು ವರ್ಷವಾಯಿತು.

ಮಾರನೆ ಬೆಳಿಗ್ಗೆ ತಾನೇ ಜೀಪು ಹತ್ತಿದಳು,
ಮಡಿಲಲ್ಲಿ ಒಣಮೊಸರಿನ ಗಂಟು.
ಎರಡು ಗಂಟೆ ದಾರಿ, ಮೂರು ಏರು.
ಬಿಳಿ ನೆತ್ತಿ ಹಿಂಗನ್ನಡಿಯಿಂದಲೂ ಅಳಿಸಿಹೋದ ಮೇಲೆ
ಎಂಜಿನ್ ಆರಿಸು ಎಂದಳು ಚೋಯ್‌ಜಿಲ್‌ಗೆ,
ಇಳಿದು ಆಚೆ ಹೋಗು ಎಂದಳು.
ಅಂಗೈ ಮರೆಮಾಡಿ ನನ್ನ ಕಿವಿಗೆ ಹೇಳಿದಳು.
ಎರಡೇ ಶಬ್ದ. ನಗು ಬರುವಂಥದು.
ನಕ್ಕೆ. ಅವಳೂ.

ಕಚೇರಿಯಿಂದ ಹಾಳೆ ವಾಪಸು ಬಂತು, ಕೆಂಪು ಶಾಯಿಯಲ್ಲಿ:
ಕಾಲಂ ನಾಲ್ಕು ಖಾಲಿ ಏಕೆ?
ಕೆಳಗೆ, ಅವಳ ಸಹಿಯ ಪಕ್ಕ, ಯಾರೋ ಪೆನ್ಸಿಲಿನಲ್ಲಿ:
ಬೆಟ್ಟಕ್ಕೂ ಇದೇ ಹೆಸರೇ?
ನಕ್ಷೆಯಲ್ಲಿ ಈಗ ಅದು ಹದಿನೆಂಟನೆಯ ದಯಾಳು.

ನಾನಿರುವ ಪಟ್ಟಣಕ್ಕೆ ಆ ಬೆಟ್ಟ ಕಾಣುವುದಿಲ್ಲ,
ಆರುನೂರು ಮೈಲಿ, ನಡುವೆ ಕಲ್ಲಿದ್ದಲ ಹೊಗೆ.
ಹೇಳಬಹುದು.
ಆದರೆ ಇದನ್ನು ಓದುವ ನೀವು
ಎಲ್ಲಿ ಕೂತಿದ್ದೀರೋ,
ಕಿಟಕಿಯಾಚೆ ಏನು ಕಾಣುತ್ತಿದೆಯೋ,
ನನಗೇನು ಗೊತ್ತು.