ನೀರು ನಮ್ಮದು

ಕಾಗದ ಬಂದದ್ದು ಮಂಗಳವಾರ. ಇನ್ನು ಮೇಲೆ ತಂಡ
ಅರಿಜೋನಾದ ಮರಳುಗಾಡಿನಲ್ಲಿ ಆಡುತ್ತದಂತೆ.
ದೊಡ್ಡ ಕ್ಲಬ್ಬಿಗೆ ಹತ್ತಿರವಿರಬೇಕಂತೆ:
ಬೆಳಗ್ಗೆ ಅಲ್ಲೊಬ್ಬನ ಮೊಣಕಾಲು ಹೋದರೆ
ಸಂಜೆಗೆ ಇನ್ನೊಬ್ಬ ಕೈಗೆ ಸಿಗಬೇಕಂತೆ.

ಸರಿ. ಹುಡುಗರು ಅವರವರು, ಸಂಬಳ ಅವರದು,
ಅಂಗಿಯ ಗುಂಡಿಯೂ ಅವರದೇ.
ಮೆಸೀನಾದ್ದು ಏನಿತ್ತು ಅದರಲ್ಲಿ?
ನೀರು. ಸೇಂಟ್ ಲಾರೆನ್ಸ್ ಹೊಳೆಯದು.

ಅಕ್ಟೋಬರ್ ಬಂದರೆ ನಾನೂ ಲೂಷನ್ ಪೆಲ್ಕಿಯೂ
ರಾತ್ರಿಯಿಡೀ, ಪದರದ ಮೇಲೆ ಪದರ,
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ
ಹೊಯ್ದು ಹೊಯ್ದು ಗಟ್ಟಿಮಾಡಿದ ನೀರು.
ನಟ್ಟನಡುವೆ ಕರಡಿ ಬರೆಯುವವಳು ಅವನ ಮಗಳು ಒಡೆಟ್.
ಮೊದಲ ವರ್ಷ ಎಡಗಿವಿ ತುಸು ದೊಡ್ಡದಾಯಿತು;
ಹನ್ನೊಂದು ಚಳಿಗಾಲ ಹಾಗೇ ಬರೆದಳು,
ಕೋಚುಗಳು ಬದಲಾದರು, ಕಿವಿ ಬದಲಾಗಲಿಲ್ಲ.

ಇವತ್ತು ಬಿಸಿನೀರು ಬಿಟ್ಟೆವು.
ನೀಲಿಗೆರೆ ಮೊದಲು ಸಡಿಲಿತು, ಆಮೇಲೆ ಕೆಂಪು.
ಕರಡಿ ಮಾತ್ರ ಬಹಳ ಹೊತ್ತು
ಮೇಲಿನ ಖಾಲಿ ಕುರ್ಚಿಗಳನ್ನೇ ನೋಡುತ್ತಿತ್ತು.
ಕೊನೆಗೆ ಮೋರಿಯ ಜಾಲರಿಗೆ ಅಂಟಿ
ಒಂದು ಕಿವಿಯಷ್ಟು ಕಂದು.

ಪೆಲ್ಕಿ ಪೊರಕೆಗೆ ಗಲ್ಲವೂರಿ ನಿಂತ.
“ಅಲ್ಲಿಯದು ಗಡಸು ನೀರಂತೆ,” ಅಂದ,
“ಬಿಳಿಚುತ್ತದೆ. ಬೇಗ ಬಿರಿಯುತ್ತದೆ.”

ಬೇರೇನೂ ಅನ್ನಲಿಲ್ಲ.