ಎಡಕ್ಕೆ ತಿರುಗಿಸಿದ ಗುಂಡಿ

ಅರ್ವೋನ ಮೊಮ್ಮಗಳು ಫೋನಿನಲ್ಲಿ ಹುಡುಕಿ ತೆಗೆದಳು:
"ನೋಡು ಐಲಿ ಅಜ್ಜಿ, ನಿಮ್ಮ ಕಾಲದ ಕಾರ್ಟೂನು."
ಹೌದು, ಅದೇ. ಕೊಡೆ ಮಾರುವ ನೀರುನಾಯಿ,
ಅದರ ಬೆನ್ನು ಬಿಡದ ಮೀಸೆಯ ಮೋಡ.
ಮೋಡ ಬಾಯಿ ತೆರೆದದ್ದೇ ತಡ
ಬೆಚ್ಚಿಬಿದ್ದೆ.
ಇಷ್ಟು ಕೀಚಲು ದನಿಯೆ ಇದಕ್ಕೆ?
ಇಷ್ಟು ವರ್ಷ ನಾನು ನಂಬಿಕೊಂಡಿದ್ದ ಮೋಡ
ಇದಲ್ಲವೇ ಅಲ್ಲ.

ನಮ್ಮ ಮನೆಯಲ್ಲಿ ಅದಕ್ಕೆ ದನಿಯೇ ಇರಲಿಲ್ಲ.

ಡುಲೂತಿನ ಪಶ್ಚಿಮದ ತುದಿ. ಉಕ್ಕಿನ ಕಾರ್ಖಾನೆಯವರು
ತಮ್ಮ ಕೆಲಸಗಾರರಿಗೆಂದು ಕಟ್ಟಿಸಿದ ಸಿಮೆಂಟಿನ ಮನೆಗಳು.
ಶುಕ್ರವಾರದ ರಾತ್ರಿ ಪಾಳಿ ಮುಗಿಸಿ
ಅಪ್ಪ ಬೆಳಗಿನ ಏಳಕ್ಕೆ ಬರುತ್ತಿದ್ದ,
ಬೂಟಿನ ಹಿಮ ಕೊಡವಿ, ಮಾತಿಲ್ಲದೆ,
ಟೀವಿಯ ಬೆನ್ನಿಗಿದ್ದ ಗೋಡೆಯಾಚೆ ಮಲಗುತ್ತಿದ್ದ.
ಅವನು ಮಗ್ಗುಲು ಬದಲಿಸಿದರೆ
ಆ್ಯಂಟೆನಾಕ್ಕೆ ಸುತ್ತಿದ ಬೆಳ್ಳಿ ಕಾಗದ ನಡುಗುತ್ತದೆಂದು
ಅರ್ವೋ ಹೇಳುತ್ತಿದ್ದ. ನಾನು ನೋಡಿಲ್ಲ.

ಬೇಕರಿಗೆ ಹೊರಡುವ ಮುನ್ನ ಅಮ್ಮ
ಸದ್ದಿನ ಗುಂಡಿಯನ್ನು ಕೊನೆಯವರೆಗೂ ಎಡಕ್ಕೆ ತಿರುಗಿಸಿ,
ಅದೂ ಸಾಲದೆಂದು
ಗುಂಡಿಯನ್ನೇ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡು
ನಡೆದುಬಿಡುತ್ತಿದ್ದಳು.
ಕಣ್ಣಿಗೆ ಹಬ್ಬ, ಕಿವಿಗೆ ಉಪವಾಸ.

ಆಗ ಅರ್ವೋ ಶುರುಮಾಡಿದ.
ಒಂಬತ್ತರ ಹುಡುಗ, ಇಬ್ಬರ ತಲೆಯ ಮೇಲೂ ಹೊದಿಕೆ ಎಳೆದು
ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ
ನೀರುನಾಯಿಗೆ ನಮ್ಮ ಪೋಸ್ಟ್‌ಮ್ಯಾನಿನ ಉಗ್ಗು ಕೊಟ್ಟ,
ಮೋಡಕ್ಕೆ ಪಾದ್ರಿಯ ಗಂಟಲು.
ಬಂಡೆ ಉರುಳಿದರೆ ನಾಲಿಗೆಯ ತುದಿಯಲ್ಲೇ
ಸಣ್ಣಗೆ, ಬಹಳ ಸಣ್ಣಗೆ, ಧಡ್.
ಜಾಹೀರಾತನ್ನೂ ಬಿಡಲಿಲ್ಲ:
ಆ ಬಣ್ಣಬಣ್ಣದ ಸೀರಿಯಲ್ ತಿಂದವರಿಗೆ
ರಾತ್ರಿಯೊಳಗೆ ಬಾಲ ಮೂಡುತ್ತದಂತೆ.
ನಿನ್ನೆಯ ಏಲಕ್ಕಿ ಬ್ರೆಡ್ಡನ್ನು ಹಾಲಿಗೆ ಅದ್ದಿ ತಿನ್ನುತ್ತ
ಊರ ಸಿರಿವಂತ ಮಕ್ಕಳಿಗಾಗಿ ನಾನು ಮರುಗುತ್ತಿದ್ದೆ.
ನಗು ಬಂದರೆ ದಿಂಬು ಕಚ್ಚಬೇಕು.
ನನ್ನ ದಿಂಬಿನ ಮೂಲೆ ಹರಿದೇ ಹೋಗಿತ್ತು.

ಒಂದು ಶನಿವಾರ, ಫೆಬ್ರುವರಿ ಇರಬೇಕು,
ಕಿಟಕಿಯ ಒಳಮೈಗೂ ಮಂಜು ಹೆಪ್ಪುಗಟ್ಟಿತ್ತು,
ತಿರುಗಿ ನೋಡಿದರೆ ಬಾಗಿಲಲ್ಲಿ ಅಪ್ಪ.
ಉದ್ದ ತೋಳಿನ ಒಳಂಗಿ, ಒಂದೇ ಕಡೆ ಎದ್ದ ಕೂದಲು.
ಅರ್ವೋ ಅರ್ಧ ಮಾತಿನಲ್ಲೇ ನಿಂತ.
ಪರದೆಯ ಮೇಲೆ ಮೋಡವೊಂದೇ
ದಿಕ್ಕಿಲ್ಲದೆ ಬಾಯಾಡಿಸುತ್ತಿತ್ತು.
ಅಪ್ಪ ಬಂದು ನಮ್ಮ ನಡುವೆ ಕೂತ.
ಮಸಿ, ಸಾಬೂನು, ನಿದ್ದೆಯ ವಾಸನೆ.
ಸ್ವಲ್ಪ ಹೊತ್ತು ನೋಡಿದ.
ಆಮೇಲೆ ತನ್ನ ತಾಯಿಯ ಫಿನ್ನಿಷ್‌ನಲ್ಲಿ,
ಬೈಯಲಿಕ್ಕೆಂದೇ ಉಳಿಸಿಕೊಂಡಿದ್ದ ಆ ಭಾಷೆಯಲ್ಲಿ,
ಮೋಡದ ಪಾಲಿನ ಮಾತು ಆಡತೊಡಗಿದ.
ಬೈಗುಳವಲ್ಲ ಎಂಬಷ್ಟು ಮಾತ್ರ ನಮಗೆ ತಿಳಿಯಿತು.
ಅರ್ವೋ ಹೆದರಿಕೊಂಡೇ ಉತ್ತರಿಸಿದ:
"ಇ-ಇಲ್ಲ ಸ್ವಾಮಿ, ಕ-ಕೊಡೆ ಸಾಲಕ್ಕೆ ಕೊಡೋದಿಲ್ಲ."
ಮೋಡ ಇನ್ನೂ ಏನೇನೋ ಹೇಳಿತು,
ಪರದೆಯ ಮೋಡ ಬಾಯಿ ಮುಚ್ಚಿದ ಮೇಲೂ ಹೇಳಿತು.
ಅಪ್ಪ ಎದ್ದುಹೋಗಿ ಮಲಗಿದ.
ಮತ್ತೆಂದೂ ಬರಲಿಲ್ಲ. ನಾವೂ ಕರೆಯಲಿಲ್ಲ.

ಕುಲುಮೆ ಆರಿದ ವರ್ಷ
ಅಮ್ಮ ಗುಂಡಿ ತಂದು ಟೀವಿಗೆ ಸಿಕ್ಕಿಸಿದಳು,
"ಇನ್ನು ಎಷ್ಟು ಜೋರಾಗಿ ಬೇಕೋ ಹಾಕಿಕೊಳ್ಳಿ."
ಅಡುಗೆಮನೆಯಲ್ಲಿ ಆರಿದ ಕಾಫಿಯ ಮುಂದೆ
ಅಪ್ಪ ಪೂರ್ತಿ ಎಚ್ಚರವಾಗಿ ಕೂತಿದ್ದ.
ಕೈಗೆಟುಕುವ ಹಾಗಿತ್ತು ಗುಂಡಿ.
ನಾವು ಹೊದಿಕೆ ಎಳೆದುಕೊಂಡೆವು,
ಆಗಲೇ ಅದು ನಮ್ಮಿಬ್ಬರ ಮಂಡಿಗೆ ಸಾಲುತ್ತಿರಲಿಲ್ಲ.
ಅರ್ವೋಗೆ ಹದಿಮೂರು, ದನಿ ಒಡೆಯುತ್ತಿತ್ತು.
ನೀರುನಾಯಿ ಮಾತಾಡುತ್ತ ಆಡುತ್ತ
ನಡುನಡುವೆ, ಅವನಿಗೇ ಗೊತ್ತಿಲ್ಲದೆ,
ಆ ಫೆಬ್ರುವರಿಯ ಮೋಡ.